ಅಡಿಕೆ ಲೆಕ್ಕ ಮೈನಸ್ ಬಂದಾಗ ಕಲ್ತಿದ್ದು

ನಮ್ದು ತೀರ್ಥಹಳ್ಳಿ ಹತ್ರ ಸಣ್ಣ ತೋಟ. ಕಾಲೇಜಲ್ಲಿ ಕಲ್ತಿದ್ದ ಸಿ ಭಾಷೇಲಿ ಅಡಿಕೆ ಲೆಕ್ಕಕ್ಕೊಂದು ಪ್ರೋಗ್ರಾಂ ಬರೆದೆ, ಲ್ಯಾಬಲ್ಲಿದ್ದ ಅದೇ ಹಳೇ ಟರ್ಬೋ ಸಿ ಕಂಪೈಲರನ್ನ (ನಾವು ಬರೆದ ಕೋಡನ್ನ ಕಂಪ್ಯೂಟರ್ ಓಡಿಸೋ ಹಂಗೆ ಮಾಡೋದು) ಡಾಸ್‌ಬಾಕ್ಸಲ್ಲಿ, ಅಂದ್ರೆ ಹಳೇ ಡಾಸ್ ಪ್ರೋಗ್ರಾಂ ಓಡಿಸೋ ಸಾಫ್ಟ್‌ವೇರಲ್ಲಿ, ಹಾಕ್ಕೊಂಡು. ರಾಶಿ ಅಡಿಕೆ ರೇಟು ಕ್ವಿಂಟಾಲಿಗೆ 48000 ಅಂತ ಕೊಟ್ರೆ ಸ್ಕ್ರೀನ್ ಮೇಲೆ -17536 ಬಂತು. ಅಪ್ಪಯ್ಯ ನೋಡಿ "ಏನಾ ಇದು, ಅಡಿಕೆನೂ ಕೊಟ್ಟು ದುಡ್ಡೂ ನಾವೇ ಕೊಡ್ಬೇಕಾ" ಅಂದ್ರು.

ಟರ್ಬೋ ಸಿ ಡಾಸ್ ಕಾಲದ್ದು, ಅದ್ರಲ್ಲಿ ಇಂಟ್, ಅಂದ್ರೆ ಪೂರ್ಣಾಂಕ ಇಡೋ ಜಾಗ, 16 ಬಿಟ್, 32767 ದಾಟಿದ್ರೆ ಮೈನಸ್ಸಿಗೆ ತಿರುಗುತ್ತೆ. ಕನಿಷ್ಠ 16 ಬಿಟ್ ಇರ್ಬೇಕು ಅಂತಷ್ಟೇ ಸಿ ನಿಯಮ, ಮಿಕ್ಕಿದ್ದೆಲ್ಲ ಕಂಪೈಲರ್ ಯಾವ ಸಿಸ್ಟಮ್ಮಿಗೆ ಅಂತ ಮಾಡಿದ್ದೋ ಅದ್ರ ಮೇಲೆ.

ಸರಿ ಅಂತ ಉಬುಂಟು ಲಿನಕ್ಸ್ ಹಾಕಿ ಅಲ್ಲಿನ ಜಿಸಿಸಿ ಕಂಪೈಲರಲ್ಲಿ ಕಂಪೈಲ್ ಮಾಡಿದ್ರೆ ಶುರುವಲ್ಲೇ ಎರರ್, ಕೊನಿಯೋ ಡಾಟ್ ಎಚ್ ಅನ್ನೋ ಫೈಲ್ ಇಲ್ವಂತೆ! ಕೀ ಒತ್ತೋವರೆಗೆ ಕಾಯೋ ಗೆಟ್‌ಸಿಎಚ್ಚು, ಸ್ಕ್ರೀನ್ ಒರೆಸೋದು ಎಲ್ಲ ಸಿ ಭಾಷೇದೇ ಅಂತ ಮೂರು ವರ್ಷ ನಂಬಿದ್ದೆ, ಅವು ಟರ್ಬೋ ಸಿ ಜೊತೆ ಬಂದಿದ್ದವು ಅಷ್ಟೆ. ಕಿತ್ತು ಹಾಕಿದ್ಮೇಲೆ ರೇಟು ಸರಿ ಬಂತು, ಇಲ್ಲಿ ಇಂಟ್ ದೊಡ್ದು.

ಪ್ರೋಗ್ರಾಂ ಕರ್ನಲ್ಲಿಗೆ (ಓಎಸ್, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಏನೇನು ಕೇಳುತ್ತೆ ಅಂತ ತೋರ್ಸೋ ಎಸ್‌ಟ್ರೇಸ್ ಹಾಕಿ ನೋಡಿದಾಗ ಇನ್ನೂ ಮಜಾ. ಸ್ಕ್ರೀನಿಗೆ ಬರಿಯೋಕೆ ನಾನು ಬರೆದಿದ್ದು ಪ್ರಿಂಟ್‌ಎಫ್, ಕೊನೆಗೆ ಕರ್ನಲ್ಲಿಗೆ ಹೋಗೋದು ರೈಟ್ ಅನ್ನೋ ಸಿಸ್ಟಂ ಕಾಲ್, ಅಂದ್ರೆ ಕರ್ನಲ್ಲಿಗೆ ಮಾಡೋ ಕೋರಿಕೆ. ನಾವು ಖರೀದಿದಾರನ ಹತ್ರ ನೇರ ಹೋಗ್ದೆ ಅಡಿಕೆ ಮಂಡಿಗೆ ಹಾಕ್ದಂಗೆ, ಪ್ರೋಗ್ರಾಮೂ ಕರ್ನಲ್ ಮೂಲಕನೇ ಹೋಗೋದು. ಆ ಕರ್ನಲ್ ಬರೆದಿರೋದೂ ಬಹುಪಾಲು ಸಿ ಭಾಷೇಲೇ! 1973ರಲ್ಲಿ ಸಿ ಭಾಷೆ ಮಾಡಿದ ರಿಚಿ, ಜೊತೆಗಾರ ಥಾಂಪ್ಸನ್ ಇಬ್ರೂ ಯುನಿಕ್ಸ್ ಅನ್ನೋ ಓಎಸ್ಸನ್ನ ಯಂತ್ರಕ್ಕೆ ಹತ್ರದ ಅಸೆಂಬ್ಲಿ ಭಾಷೆಯಿಂದ ಸಿಗೆ ತಂದಾಗಿನಿಂದ ಬಂದ ದಾರಿ ಅದು.

ನಿಜವಾದ ಪಾಠ ಆಗಿದ್ದು ಮಳೆಗಾಲದಲ್ಲಿ. ಶರಾವತಿ ಕರೆಂಟು ಊರಿಗೆಲ್ಲ, ನಮಗೆ ಬುಡ್ಡಿ ದೀಪ. ಸಂಜೆ ನಲವತ್ತು ಎಂಟ್ರಿ ಹಾಕಿದ್ದೆ, ಕರೆಂಟ್ ಹೋಯ್ತು, ಮತ್ತೆ ಆನ್ ಮಾಡಿದ್ರೆ ಫೈಲ್ ಖಾಲಿ. ಫೈಲಿಗೆ ಬರೆದಿದ್ದು ಇನ್ನೂ ಪ್ರೋಗ್ರಾಮಿನ ಬಫರಲ್ಲೇ, ಅಂದ್ರೆ ಮೆಮೊರಿಲಿರೋ ತಾತ್ಕಾಲಿಕ ಜಾಗದಲ್ಲೇ, ಕೂತಿತ್ತು. ಬಫರ್ ಖಾಲಿ ಮಾಡೋ ಎಫ್‌ಫ್ಲಶ್ ಸೇರಿಸಿ ಗೆದ್ದೆ ಅಂದ್ಕೊಂಡೆ, ಇನ್ನೊಂದಿನ ಮತ್ತೆ ಕೊನೇ ನಾಕು ಸಾಲು ಮಾಯ. ಎಫ್‌ಫ್ಲಶ್ ಕರ್ನಲ್ ಕೈಗೆ ಕೊಡುತ್ತೆ ಅಷ್ಟೆ, ಕರ್ನಲ್ಲು ಮೆಮೊರಿಲಿ ಇಟ್ಕೊಂಡು ತನಗೆ ಬೇಕಾದಾಗ ಡಿಸ್ಕಿಗೆ ಬರಿಯುತ್ತೆ, ಮಂಡಿಗೆ ಹಾಕಿದ ತಕ್ಷಣ ಮಾರಾಟ ಆಗಲ್ವಲ್ಲ ಹಂಗೆ. ಈಗಲೇ ಬರಿ ಅನ್ನೋಕೆ ಎಫ್‌ಸಿಂಕ್ ಬೇಕು, ಅದು ಸಿ ಭಾಷೇಲಿ ಇಲ್ಲ, ಓಎಸ್ಸಿಂದು.

ಆಮೇಲೆ ಶಿವಮೊಗ್ಗದ ಚಿಕ್ಕಪ್ಪನ ಮಗ ಇದನ್ನ ವಿಂಡೋಸಲ್ಲಿ ಬೇಕು ಅಂದ. ಅಲ್ಲಿ ಎಫ್‌ಸಿಂಕ್ ಇಲ್ಲ, ಅದೇ ಕೆಲಸಕ್ಕೆ ಕಮಿಟ್ ಅಂತ ಬೇರೆ ಫಂಕ್ಷನ್ನು. ಲೆಕ್ಕದ ಸಾಲು ಒಂದೂ ಮುಟ್ಲಿಲ್ಲ, ಇದೊಂದಕ್ಕೆ ಇಫ್‌ಡೆಫ್ ಹಾಕಿ ಕೊಟ್ಟೆ, ಅಂದ್ರೆ ವಿಂಡೋಸಿಗೆ ಒಂದು, ಲಿನಕ್ಸಿಗೆ ಒಂದು ಸಾಲು ಆರಿಸ್ಕೋ ಅಂತ ಕಂಪೈಲರಿಗೆ ಹೇಳೋದು.