ಪ್ಯಾಕಿಂಗ್ ಪೆಟ್ಟಿಗೆಯ ಮರ, ವೀಡ್ ಕಟರ್ ಎಂಜಿನ್, ಹಿನ್ನೀರಿನ ಬಯಲು

ಹೊಸನಗರ ತಾಲೂಕಿನ ನಮ್ಮ ಮನೆಯಲ್ಲಿ ಬಚ್ಚಲೊಲೆಯ ಮೇಲೊಂದು ಅಟ್ಟ ಇದೆ. ಮಳೆಗಾಲದಲ್ಲಿ ಯಾವುದು ಒಣಗುವುದಿಲ್ಲವೋ ಅದೆಲ್ಲ ಅಲ್ಲಿಗೆ ಹೋಗುತ್ತದೆ. ಮೂರು ವರ್ಷದ ಹಿಂದೆ ಆ ಅಟ್ಟಕ್ಕೆ ನಾನು ಪೈನ್ ಮರದ 40 ಪಟ್ಟಿಗಳನ್ನು ಏರಿಸಿದೆ. "ಎಂತ ಮಾಡ್ತೀಯ ಇದ್ರಲ್ಲಿ?" ಅಂತ ಅಮ್ಮ ಕೇಳಿದಳು. "ವಿಮಾನ" ಅಂದೆ. ಅವಳು ಇನ್ನೇನೂ ಕೇಳಲಿಲ್ಲ, ಒಲೆಯ ಉರಿ ಸ್ವಲ್ಪ ಕಮ್ಮಿ ಮಾಡಿದಳು.

ನಾನು ಕಟ್ಟಿದ್ದು ಕೂತು ಹಾರುವ ವಿಮಾನ ಅಲ್ಲ. ಅದಕ್ಕೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಅನುಮತಿ, ತಪಾಸಣೆ ಎಲ್ಲ ಬೇಕು, ಆ ದಾರಿಯೇ ಬೇರೆ. ನನ್ನದು ಪೀಟನ್‌ಪೋಲ್ ಏರ್ ಕ್ಯಾಂಪರ್ ಎಂಬ ಹಳೆಯ ವಿಮಾನದ ಕಾಲು ಅಳತೆಯ ಪ್ರತಿ. ರೇಡಿಯೋದಿಂದ ಹಾರಿಸುವಂಥದ್ದು. ಆದರೆ ಒಳಗಿನ ಕಟ್ಟಡ ದೊಡ್ಡದರ ಹಾಗೆಯೇ ಇರಬೇಕು ಅಂತ ಹಟ ಹಿಡಿದಿದ್ದೆ. ಮರದ ತೊಲೆ, ರೆಕ್ಕೆಗೆ ಆಕಾರ ಕೊಡುವ ಮರದ ರಿಬ್, ಮೇಲೆ ಬಟ್ಟೆ. ಫೋಮ್ ಎಲ್ಲೂ ಇಲ್ಲ.

ಈ ವಿಮಾನವನ್ನೇ ಯಾಕೆ ಆರಿಸಿಕೊಂಡೆ ಅಂತ ಹೇಳಬೇಕು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಚೆರ್ರಿ ಗ್ರೋವ್ ಅಂತ ಪುಟ್ಟ ಹಳ್ಳಿ. ಅಲ್ಲಿನ ಬರ್ನಾರ್ಡ್ ಪೀಟನ್‌ಪೋಲ್ ತಾವೇ ನೋಡಿ, ಮಾಡಿ ಕಲಿತ ಮೆಕ್ಯಾನಿಕ್. ವಿಮಾನದ ಎಂಜಿನ್ ಕೊಳ್ಳುವಷ್ಟು ದುಡ್ಡು ಊರಿನವರ ಹತ್ತಿರ ಇರಲಿಲ್ಲ. ಫೋರ್ಡ್ ಮಾಡೆಲ್ ಎ ಕಾರಿನ 40 ಕುದುರೆ ಶಕ್ತಿಯ ಎಂಜಿನ್ನನ್ನೇ ಮರದ ವಿಮಾನಕ್ಕೆ ಕೂರಿಸಿ 1929ರಲ್ಲಿ ಅವರು ಹಾರಿಸಿದರು. ಕಾರಿನ ಎಂಜಿನ್‌ನಿಂದ ವಿಮಾನ ಹಾರುವುದಿಲ್ಲ ಅಂತ ಒಬ್ಬ ಪತ್ರಿಕಾ ಸಂಪಾದಕರು ಬರೆದಿದ್ದರು. 1930ರಲ್ಲಿ ಪೀಟನ್‌ಪೋಲ್ ಎರಡು ವಿಮಾನಗಳನ್ನು ಅವರಿದ್ದಲ್ಲಿಗೇ ಹಾರಿಸಿಕೊಂಡು ಹೋಗಿ ತೋರಿಸಿದರು. ನಕ್ಷೆ ಪತ್ರಿಕೆಯಲ್ಲೇ ಅಚ್ಚಾಯಿತು. ಇವತ್ತಿಗೂ ಜನ ಅದನ್ನು ಮನೆಯಲ್ಲಿ ಕಟ್ಟುತ್ತಿದ್ದಾರೆ. ಊರಲ್ಲಿ ಏನು ಸಿಗುತ್ತದೋ ಅದರಲ್ಲೇ ಕಟ್ಟಿದ ವಿಮಾನ ಇದು. ಹಾಗಾಗಿ ನಾನೂ ಶಿವಮೊಗ್ಗ ದಾಟಿ ಸಾಮಾನು ತರಿಸಬಾರದು ಅಂದುಕೊಂಡೆ. ರೇಡಿಯೋ, ಸರ್ವೋ ಮೋಟಾರು, ತೆಳು ಪ್ಲೈವುಡ್, ಪ್ರೊಪೆಲ್ಲರ್ ಬಿಟ್ಟು ಉಳಿದದ್ದರಲ್ಲಿ ಆ ಮಾತು ಉಳಿಸಿಕೊಂಡೆ.

ಮೂಲ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 29 ಅಡಿ. ನನ್ನದು ಏಳೂಕಾಲು ಅಡಿ. ಇಲ್ಲಿ ಒಂದು ಲೆಕ್ಕ ಇದೆ. ಅಳತೆ ಕಾಲು ಭಾಗ ಆದರೆ ರೆಕ್ಕೆಯ ವಿಸ್ತೀರ್ಣ 16ರಲ್ಲಿ ಒಂದು ಪಾಲು ಆಗುತ್ತದೆ. ತೂಕ 64ರಲ್ಲಿ ಒಂದು ಪಾಲು ಆಗಬೇಕು. ಆ ಪ್ರಕಾರ ನನಗೆ ಸಿಕ್ಕ ಮಿತಿ ಸುಮಾರು 7 ಕಿಲೋ. ಕೊನೆಗೆ ಬಂದದ್ದು 8.4 ಕಿಲೋ. ರೆಕ್ಕೆ ದೊಡ್ಡದಿದ್ದುದರಿಂದ ಅದು ನಡೆಯಿತು.

ಮರದ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮಲೆನಾಡಿನಲ್ಲಿ ವಿಮಾನ ಕಟ್ಟುವವರಿಗೆ ಎಲ್ಲ ಕಷ್ಟ ಬರುವುದು ಅಲ್ಲಿಂದಲೇ.

ವಿಮಾನಕ್ಕೆ ಹೆಸರಾದ ಮರ ಸಿಟ್ಕಾ ಸ್ಪ್ರೂಸ್. ಅದು ನಮ್ಮಲ್ಲಿಲ್ಲ. ಹೆಬ್ಬಲಸು ದೋಣಿಗೆ ಒಳ್ಳೆಯದು, ಇದಕ್ಕೆ ಭಾರ. ಸಿಲ್ವರ್ ಓಕ್ ನೋಡಿದೆ, ಅದೂ ಭಾರ. ಕೊನೆಗೆ ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳು ಬಂದ ಪೈನ್ ಪೆಟ್ಟಿಗೆಗಳು ಸಿಕ್ಕವು. ಹತ್ತು ಹಲಗೆಯಲ್ಲಿ ಒಂದು ಉಪಯೋಗಕ್ಕೆ ಬರುತ್ತಿತ್ತು. ಉಳಿದದ್ದರಲ್ಲಿ ಗಂಟು, ಮೊಳೆಯ ತೂತು, ಓರೆ ಎಳೆ. ಎಳೆ 15 ಇಂಚು ಉದ್ದಕ್ಕೆ ಒಂದು ಇಂಚಿಗಿಂತ ಜಾಸ್ತಿ ಪಕ್ಕಕ್ಕೆ ಓಡಬಾರದು ಅನ್ನುವುದು ವಿಮಾನದ ಮರಕ್ಕಿರುವ ನಿಯಮ. ಕಣ್ಣಿಗೆ ಅದು ಸರಿಯಾಗಿ ಕಾಣುವುದಿಲ್ಲ. ಒಂದು ಹನಿ ಇಂಕು ಬಿಟ್ಟರೆ ಅದು ಎಳೆ ಹಿಡಿದೇ ಹರಿಯುತ್ತದೆ. ನಮ್ಮೂರಿನ ಆಚಾರ್ರು ಇಂಕು ಮುಟ್ಟಲಿಲ್ಲ. ತುದಿಯಲ್ಲಿ ಉಳಿಯಿಂದ ಒಂದು ಚಕ್ಕೆ ಸೀಳಿ, ಸೀಳು ಎತ್ತ ಓಡಿತು ಅಂತ ನೋಡಿ, "ಇದು ಬೇಡ ಮಾರಾಯ್ರೆ" ಅಂತ ಹಲಗೆ ಪಕ್ಕಕ್ಕೆ ಎಸೆಯುತ್ತಿದ್ದರು. ಇಂಕು ಹಾಕಿ ನೋಡಿದಾಗಲೆಲ್ಲ ಅವರು ಹೇಳಿದ್ದೇ ಸರಿ ಇರುತ್ತಿತ್ತು.

ಆಮೇಲೆ ತೇವ. ವಿಮಾನಕ್ಕೆ ಬಳಸುವ ಮರದಲ್ಲಿ ನೀರಿನಂಶ ಶೇ. 8ರಿಂದ 12 ಇರಬೇಕು ಅನ್ನುತ್ತಾರೆ. ಜುಲೈಯಲ್ಲಿ ನಮ್ಮ ಕಡೆ ಗಾಳಿಯೇ ನೀರು. ಒಳಗೆ ಇಟ್ಟ ಮರವೂ ಶೇ. 20ರ ಹತ್ತಿರ ಹೋಗುತ್ತದೆ. ತೇವ ಅಳೆಯುವ ಮೀಟರು ನನ್ನ ಹತ್ತಿರ ಇರಲಿಲ್ಲ. ಅಡುಗೆ ಮನೆಯ ತಕ್ಕಡಿ ಸಾಕಾಯಿತು. ಒಂದು ತುಂಡು ತೂಗಿದೆ, 46 ಗ್ರಾಂ. ಓವನ್‌ನಲ್ಲಿ 103 ಡಿಗ್ರಿಯಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಮತ್ತೆ ಮತ್ತೆ ತೂಗಿದೆ. 39 ಗ್ರಾಂಗೆ ನಿಂತಿತು. ಹೋದ ನೀರು 7 ಗ್ರಾಂ. ಅದನ್ನು 39ರಿಂದ ಭಾಗಿಸಿದರೆ ಶೇ. 18. ಅಷ್ಟು ಹಸಿ ಮರದಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ ಕುಗ್ಗುತ್ತದೆ, ಅಂಟು ಬಿಡುತ್ತದೆ. ಹಾಗಾಗಿ ಅಟ್ಟ. ಅಲ್ಲಿಂದ ವಾರಕ್ಕೊಮ್ಮೆ ಒಂದು ಗುರುತಿನ ಪಟ್ಟಿ ಇಳಿಸಿ ತೂಗುತ್ತಿದ್ದೆ. ಎರಡೂವರೆ ತಿಂಗಳಿಗೆ ಶೇ. 11ಕ್ಕೆ ಬಂತು.

ರಿಬ್ ಮಾಡುವುದು ಹಬ್ಬದ ಕೆಲಸದ ಹಾಗೆ, ಒಂದೇ ಥರ, ಆದರೆ ಖುಷಿ. ಹಲಗೆಯ ಮೇಲೆ ರಿಬ್‌ನ ಆಕಾರ ಬರೆದು ಸುತ್ತ ಸಣ್ಣ ಮರದ ತುಂಡು ಹೊಡೆದರೆ ಅಚ್ಚು ಸಿದ್ಧ. 3 ಮಿ.ಮೀ. ಪಟ್ಟಿಯನ್ನು ಬಿಸಿ ನೀರಲ್ಲಿ ಅದ್ದಿ ಮುಂದಿನ ಬಾಗಿಗೆ ಒಗ್ಗಿಸಬೇಕು. ಒಣಗಿದ ಮೇಲೆ ಅಡ್ಡ ಕಡ್ಡಿ ಕೂರಿಸಿ, ಪ್ರತಿ ಸಂದಿಗೂ ಎರಡೂ ಪಕ್ಕ ತೆಳು ಪ್ಲೈವುಡ್ ತುಣುಕು ಅಂಟಿಸಬೇಕು. ಹೀಗೆ 28 ರಿಬ್. ಒಂದೊಂದರ ತೂಕ 14 ಗ್ರಾಂ. ದಿನಕ್ಕೆ ಒಂದೇ ಆಗುತ್ತಿತ್ತು. ಅಂಟು ಒಣಗದೆ ಅಚ್ಚಿನಿಂದ ತೆಗೆಯುವ ಹಾಗಿಲ್ಲ, ಇರುವುದು ಒಂದೇ ಅಚ್ಚು.

ಪೀಟನ್‌ಪೋಲ್ ಕಾಲದಲ್ಲಿ ಹಾಲಿನ ಕೇಸಿನ್‌ನಿಂದ ಮಾಡಿದ ಅಂಟು ಬಳಸುತ್ತಿದ್ದರು. ಒಣ ಊರಿಗೆ ಅದು ಗಟ್ಟಿ. ತೇವ ತಗುಲಿದರೆ ಬೂಷ್ಟು ಬಂದು ಬಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಒಂದು ಮಳೆಗಾಲ ಕೂಡ ತಡೆಯುತ್ತಿರಲಿಲ್ಲ. ನಾನು ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಹಾಕಿದೆ. ಅದಕ್ಕೂ ತೇವ ಆಗಿಬರುವುದಿಲ್ಲ. ಮಳೆ ಹಿಡಿದ ದಿನ ಹಚ್ಚಿದರೆ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದರ ಮೇಲೆ ಇನ್ನೊಂದು ಪದರ ಅಂಟುವುದೇ ಇಲ್ಲ. ನಾಲ್ಕು ರಿಬ್ ಹಾಗೆ ಹಾಳಾದವು. ಆಮೇಲೆ ಜಿಡ್ಡನ್ನು ಬೆಚ್ಚಗಿನ ನೀರಲ್ಲಿ ಒರೆಸಿ, ಉಪ್ಪುಕಾಗದ ತಿಕ್ಕಿ ಮುಂದುವರಿಸುವುದು ಅಭ್ಯಾಸವಾಯಿತು.

ಪ್ಲೈವುಡ್ಡಿನಲ್ಲಿ ಮೋಸ ಹೋದೆ. ನೀರಿಗೆ ತಡೆಯುತ್ತದೆ ಅಂತ ಹೇಳಿ ಒಬ್ಬರು ಕೊಟ್ಟ ಹಾಳೆ, ರಾತ್ರಿಯಿಡೀ ನೆನೆಸಿದಾಗ ಪುಸ್ತಕದ ಹಾಗೆ ಬಿಚ್ಚಿಕೊಂಡಿತು. ಈಗ ಯಾವ ಹಾಳೆ ತಂದರೂ ಮೊದಲು ಒಂದು ಮೂಲೆ ಕತ್ತರಿಸಿ ನೀರಿಗೆ ಹಾಕುತ್ತೇನೆ. ನೀವೂ ಹಾಗೇ ಮಾಡಿ.

ಎಂಜಿನ್ ಯಾವುದು ಅನ್ನುವುದಕ್ಕೆ ಜಾಸ್ತಿ ಯೋಚಿಸಲಿಲ್ಲ. ಪೀಟನ್‌ಪೋಲ್ ಊರಲ್ಲಿ ಕಾರು ಇತ್ತು, ನಮ್ಮ ತೋಟದಲ್ಲಿ ವೀಡ್ ಕಟರ್ ಇದೆ. ಹಳೆಯದೊಂದರ ಎರಡು ಸ್ಟ್ರೋಕಿನ 33 ಸಿಸಿ ಎಂಜಿನ್ ತೆಗೆದುಕೊಂಡೆ. ಕ್ಲಚ್ ಬಿಚ್ಚಿ, ಅದು ಕೂರುತ್ತಿದ್ದ ಬೋಲ್ಟ್ ತೂತುಗಳಿಗೇ ಪ್ರೊಪೆಲ್ಲರ್ ಹಿಡಿಯುವ ಬಿಲ್ಲೆ ಮಾಡಿಸಿದೆ. ಶಿವಮೊಗ್ಗದ ಲೇತ್ ಅಂಗಡಿಯಲ್ಲಿ ಅಲ್ಯುಮಿನಿಯಂ ತುಂಡಿನಿಂದ ಅರ್ಧ ದಿನದಲ್ಲಿ ಆಯಿತು. ಬಿಲ್ಲೆ ಕೂದಲೆಳೆಯಷ್ಟು ಓರೆ ಇದ್ದರೂ 18 ಇಂಚಿನ ಪ್ರೊಪೆಲ್ಲರ್ ವಿಮಾನವನ್ನೇ ಅಲ್ಲಾಡಿಸುತ್ತದೆ. ಒಂದೇ ಸಿಲಿಂಡರ್ ಆದ್ದರಿಂದ ನಡುಕ ಹೇಗೂ ಇರುತ್ತದೆ. ಪ್ರತಿ ಸ್ಕ್ರೂಗೂ ಲಾಕ್ ಆಗುವ ಅಂಟು ಹಾಕಿ. ಎಂಜಿನ್ ನಿಲ್ಲಿಸಲು ಬೇರೆಯದೇ ಸ್ವಿಚ್ ಇರಲಿ. ಇದನ್ನು ಬಿಟ್ಟು ಒಂದು ಸಲವೂ ಸ್ಟಾರ್ಟ್ ಮಾಡಬೇಡಿ. ಆ ಪ್ರೊಪೆಲ್ಲರ್ ಬೆರಳು ತೆಗೆದುಬಿಡುತ್ತದೆ.

ಬಟ್ಟೆ ಹೊದಿಸಲು ಡಿಸೆಂಬರ್ ತನಕ ಕಾದೆ. ಟೈಲರ್ ಅಂಗಡಿಯ ಪಾಲಿಯೆಸ್ಟರ್ ಲೈನಿಂಗ್ ಬಟ್ಟೆ. ಅಂಟಿಸಿ ಇಸ್ತ್ರಿ ಹಾಕಿದರೆ ಕುಗ್ಗಿ ಮದ್ದಳೆಯ ಹಾಗೆ ಬಿಗಿಯುತ್ತದೆ. ಅದರ ಮೇಲೆ ಪೀಠೋಪಕರಣಕ್ಕೆ ಹೊಡೆಯುವ ಎನ್‌ಸಿ ಲ್ಯಾಕರನ್ನು ತಿನ್ನರಲ್ಲಿ ತೆಳು ಮಾಡಿ ನಾಲ್ಕು ಸಲ ಹಚ್ಚಿದೆ. ಹಳೆಯ ವಿಮಾನಗಳ ಬಟ್ಟೆಗೆ ಬಳಿಯುತ್ತಿದ್ದ ಡೋಪ್ ಕೂಡ ಇದೇ ಜಾತಿಯದು, ನೈಟ್ರೋಸೆಲ್ಯುಲೋಸ್. ಬೆಂಕಿ ಕಂಡರೆ ಹತ್ತಿಕೊಳ್ಳುತ್ತದೆ, ಒಲೆಯ ಹತ್ತಿರ ತರಲೇಬಾರದು. ಮಳೆಗಾಲದಲ್ಲಿ ಇದನ್ನು ಹಚ್ಚಿದರೆ ಬಿಳಿ ಹಿಡಿಯುತ್ತದೆ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲಿ ಕೂರುವುದೇ ಕಾರಣ. ಬೆಳಗಿನ ಮಂಜು ಹೋಗಿ ಬಿಸಿಲು ಬಿದ್ದ ಮೇಲೆ, ಹನ್ನೊಂದರಿಂದ ಮೂರು ಗಂಟೆಯೊಳಗೆ ಮಾತ್ರ ಹಚ್ಚುತ್ತಿದ್ದೆ.

ತೂಕದ ಸಮತೋಲ ನೋಡಿದಾಗ ಬಾಲ ಭಾರ ಇತ್ತು. ದೊಡ್ಡ ಏರ್ ಕ್ಯಾಂಪರ್ ಕಟ್ಟುವವರಿಗೂ ಇದೇ ತೊಂದರೆ ಬರುತ್ತದೆ. ಮೂಗು ಗಿಡ್ಡ, ಬಾಲ ಉದ್ದ. ಬಾಲದಲ್ಲಿ 10 ಗ್ರಾಂ ಹೆಚ್ಚಾದರೆ ಮೂಗಿಗೆ 26 ಗ್ರಾಂ ಸೀಸ ಕಟ್ಟಬೇಕಾಗುತ್ತಿತ್ತು. ಅವರು ಮಾಡುವುದನ್ನೇ ನಾನೂ ಮಾಡಿದೆ. ಈ ವಿಮಾನದ ರೆಕ್ಕೆ ಮೈಗೆ ಅಂಟಿಲ್ಲ, ಕೊಡೆಯ ಹಾಗೆ ಕಂಬಗಳ ಮೇಲೆ ನಿಂತಿದೆ. ಕಂಬಗಳನ್ನು ಹಿಂದಕ್ಕೆ ವಾಲಿಸಿ ರೆಕ್ಕೆಯನ್ನೇ 25 ಮಿ.ಮೀ. ಹಿಂದೆ ಸರಿಸಿದೆ. ಒಂದು ಗ್ರಾಂ ಸೀಸವೂ ಬೇಕಾಗಲಿಲ್ಲ.

ಹಾರಿಸುವುದು ಎಲ್ಲಿ? ಶಿವಮೊಗ್ಗದ ಹತ್ತಿರ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಶುರುವಾಯಿತು. ನನಗೆ ಅದು ಹೆಮ್ಮೆಯ ವಿಷಯ. ಆದರೆ 2021ರ ಡ್ರೋನ್ ನಿಯಮಗಳು ರೇಡಿಯೋ ವಿಮಾನಕ್ಕೂ ಅನ್ವಯ. ನಿಲ್ದಾಣದ ಸುತ್ತ 12 ಕಿ.ಮೀ. ಒಳಗೆ ಮಿತಿಗಳಿವೆ. ಅನುಮತಿ ಕೇಳಬೇಕಿಲ್ಲದ ಹಸಿರು ವಲಯದಲ್ಲೂ 400 ಅಡಿ ದಾಟುವ ಹಾಗಿಲ್ಲ, ಕಣ್ಣಳತೆಯಲ್ಲೇ ಇರಬೇಕು. ಜನವರಿಯಲ್ಲಿ ಕೊಯ್ಲಾದ ಗದ್ದೆಯಲ್ಲಿ ಓಡಿಸಿ ನೋಡಿದೆ. ಕೂಳೆಗೆ ಚಕ್ರ ಸಿಕ್ಕಿ ಮೂಗಿನ ಮೇಲೆ ಬಿತ್ತು, ಒಂದು ಪ್ರೊಪೆಲ್ಲರ್ ಹೋಯಿತು.

ಆಗ ಹೊಳೆದದ್ದು ಹಿನ್ನೀರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ನಮ್ಮ ಅಜ್ಜನ ಗದ್ದೆ ಮುಳುಗಡೆಗೆ ಹೋಯಿತು. ಬೇಸಿಗೆಯಲ್ಲಿ ಶರಾವತಿಯ ನೀರು ಇಳಿದಾಗ ಆ ಜಾಗ ಮತ್ತೆ ಮೇಲೆ ಬರುತ್ತದೆ. ಮೈಲಿಗಟ್ಟಲೆ ಸಪಾಟು ಹುಲ್ಲು. ಹಳೆಯ ಬದುವಿನ ಗೆರೆ ಅಲ್ಲಲ್ಲಿ ಈಗಲೂ ಕಾಣುತ್ತದೆ. ಅಪ್ಪ ಹುಡುಗನಾಗಿದ್ದಾಗ ನಟ್ಟಿ ನೋಡಿದ ಗದ್ದೆ ಅದು. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಏಳು ಗಂಟೆಗೆ, ಗಾಳಿ ಏಳುವ ಮುಂಚೆ, ಅಪ್ಪ, ಆಚಾರ್ರು, ನಾನು ಅಲ್ಲಿ ನಿಂತಿದ್ದೆವು.

ಎರಡು ವರ್ಷ ಫೋಮ್ ವಿಮಾನದಲ್ಲಿ ಕೈ ಪಳಗಿಸಿಕೊಂಡಿದ್ದೆ. ಆದರೂ ಇದು ಬೇರೆ. ಓಡುವಾಗ ಎಡಕ್ಕೆ ಎಳೆಯುತ್ತದೆ, ಬಾಲದ ಚುಕ್ಕಾಣಿ ರಡರನ್ನು ಬಲಕ್ಕೆ ಕೊಡುತ್ತಲೇ ಇರಬೇಕು. ತಿರುಗಿಸಲು ರೆಕ್ಕೆ ವಾಲಿಸುವ ಐಲೆರಾನ್ ಮಾತ್ರ ಒತ್ತಿದರೆ ಮೂಗು ಎದುರು ದಿಕ್ಕಿಗೆ ಹೋಗುತ್ತದೆ. ರಡರ್ ಜೊತೆಗೇ ಬರಬೇಕು. ಮೂವತ್ತು ಹೆಜ್ಜೆ ಓಡಿ ಚಕ್ರ ಹುಲ್ಲು ಬಿಟ್ಟಾಗ ಬಟ್ಟೆಯೊಳಗಿಂದ ಬೆಳಕು ಹಾದು ರಿಬ್ಬುಗಳ ನೆರಳು ಒಂದೊಂದೂ ಕಂಡಿತು. ಅಟ್ಟದಲ್ಲಿ ಒಣಗಿದ ಪಟ್ಟಿಗಳು. ಏಳು ನಿಮಿಷ ಹಾರಿಸಿದೆ. ಇಳಿಸುವಾಗ ಮಾತ್ರ ನೆನಪಿಡಿ. ಇಷ್ಟೊಂದು ಕಂಬ, ತಂತಿ ಗಾಳಿಗೆ ಸಿಗುವ ವಿಮಾನ ಎಂಜಿನ್ ತಗ್ಗಿಸಿದರೆ ಜಾರಿಕೊಂಡು ದೂರ ಬರುವುದಿಲ್ಲ, ಇಳಿದೇ ಬಿಡುತ್ತದೆ. ಮೂಗು ಕೆಳಗಿಟ್ಟು ವೇಗ ಉಳಿಸಿಕೊಳ್ಳಬೇಕು. ಅಪ್ಪ ಏನೂ ಹೇಳಲಿಲ್ಲ. ವಿಮಾನ ನಿಂತಲ್ಲಿಗೆ ನಡೆದು ಹೋಗಿ ಚಕ್ರಕ್ಕೆ ಸುತ್ತಿದ ಹುಲ್ಲು ಬಿಡಿಸಿದರು.

ಆ ವರ್ಷದ ಮಳೆಗಾಲ ಕಳೆದು ಮತ್ತೆ ಹಾರಿಸಿದಾಗ ಏನೋ ತಪ್ಪಿತ್ತು. ವೇಗದಲ್ಲಿ ಬಲಕ್ಕೆ ವಾಲುತ್ತಿತ್ತು. ನಿಧಾನ ಮಾಡಿದರೆ ಎಡ ರೆಕ್ಕೆ ದಬಕ್ಕನೆ ಕುಸಿಯುತ್ತಿತ್ತು. ಹೇಗೋ ಇಳಿಸಿ ಮನೆಗೆ ತಂದು ಮೇಜಿನ ಮೇಲಿಟ್ಟು ಅಳೆದೆ. ರೆಕ್ಕೆಯ ತುದಿಯ ಹಿಂಬದಿ ಅಂಚು 6 ಮಿ.ಮೀ. ಮೇಲೆ ಇರಬೇಕು, ತುದಿ ಕೊನೆಗೆ ಸ್ಟಾಲ್ ಆಗಲಿ, ಅಂದರೆ ಎತ್ತುವ ಶಕ್ತಿಯನ್ನು ಕೊನೆಗೆ ಕಳೆದುಕೊಳ್ಳಲಿ ಅಂತ ಹಾಗೆ ಕಟ್ಟಿದ್ದೆ. ಬಲಗಡೆ ಸರಿ ಇತ್ತು. ಎಡಗಡೆ 5 ಮಿ.ಮೀ. ಕೆಳಗಿತ್ತು. ಜೂನಿನಿಂದ ಸೆಪ್ಟೆಂಬರ್ ತನಕ ಆ ರೆಕ್ಕೆಯನ್ನು ಜಂಬಿಟ್ಟಿಗೆ ಗೋಡೆಗೆ ಒರಗಿಸಿ ಇಟ್ಟಿದ್ದೆ. ಗೋಡೆಯ ಕಡೆಯ ಮೈ ನೀರು ಕುಡಿದು ರೆಕ್ಕೆ ತಿರುಚಿಕೊಂಡಿತ್ತು.

ಮೊದಲು ಒಲೆಯಿಂದ ದೂರ, ಮಾಳಿಗೆಯಲ್ಲಿ ಮೂರು ವಾರ ಒಣಗಿಸಿದೆ. ಆಮೇಲೆ ಆಚಾರ್ರು ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿದರು, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. ನಾನು ಎರಡೂ ಮುಖಕ್ಕೆ ಮೆಲ್ಲಗೆ ಬಿಸಿ ಕೊಟ್ಟೆ. ತಣ್ಣಗಾಗುವ ತನಕ ಅವರು ಕೈ ಬಿಡಲಿಲ್ಲ. ಎರಡನೇ ಸಲಕ್ಕೆ ಅಳತೆ ಬಂತು.

ಈಗ ರೆಕ್ಕೆಗಳು ಬಚ್ಚಲೊಲೆಯಿಂದ ದೂರ, ಮಾಳಿಗೆಯ ತೊಲೆಗೆ ಅಡ್ಡಡ್ಡ ಮಲಗಿಸಿ ಕಟ್ಟಿದ ಪಟ್ಟಿಗಳ ಮೇಲಿವೆ. ಮೇಲೆ ಕೆಳಗೆ ಗಾಳಿ ಆಡುತ್ತದೆ. ಪಕ್ಕದಲ್ಲಿ ಆ ಗುರುತಿನ ಪಟ್ಟಿಯೂ ನೇತಾಡುತ್ತಿದೆ, ಭಾನುವಾರ ಭಾನುವಾರ ತೂಗುತ್ತೇನೆ. ಹೋದ ವಾರ ಮಳೆ ಸ್ವಲ್ಪ ಹೊಳವಾಗಿತ್ತು. ಆಚಾರ್ರು ಬಂದವರು ಚಹಾ ಕುಡಿಯುವ ಮುಂಚೆಯೇ ಮಾಳಿಗೆ ಹತ್ತಿ ತುದಿಯ ಕೆಳಗೆ ಅಳತೆಪಟ್ಟಿ ಇಟ್ಟು ನೋಡಿದರು. ಎರಡೂ ಕಡೆ 6 ಮಿ.ಮೀ. ಇತ್ತು.