ಥಂಡರ್‌ಬರ್ಡ್‌ಗೆ ಜಿಮೇಲ್ ಜೋಡಿಸಿದ್ದು: ನನ್ನ ಅನುಭವ

ಬ್ರೌಸರ್‌ನಲ್ಲಿ ಸಾಲುಗಟ್ಟಿದ ಟ್ಯಾಬ್‌ಗಳ ನಡುವೆ ಮೇಲ್ ಎಲ್ಲಿದೆ ಎಂದು ಹುಡುಕುವುದು ಸಾಕಾಗಿ ಹೋಗಿತ್ತು. ನನಗಿರುವುದು ಮೂರು ಖಾತೆ, ಮೂರೂ ಪುಕ್ಕಟೆಯವು. ಕೆಲಸದ ಮೇಲ್‌ಗೆ ಬರೆದ ಉತ್ತರ ಮನೆಯ ಖಾತೆಯಿಂದ ಹೋಗಿ ಮುಜುಗರಪಟ್ಟದ್ದೂ ಉಂಟು. ನೆಟ್ ಕೈಕೊಟ್ಟ ದಿನವಂತೂ ಹಳೆಯ ಮೇಲ್ ಒಂದನ್ನೂ ತೆರೆಯಲಾಗುತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಕಂಪ್ಯೂಟರ್‌ನಲ್ಲೇ ಒಂದು ಕಡೆ ನೋಡುವಂತೆ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಹಾಕಿಕೊಂಡೆ.

ಈ ಕೆಲಸಕ್ಕೆ ಕೈಹಾಕಿದ್ದು ಇದೇ ಮೊದಲಲ್ಲ. ಕೆಲವು ವರ್ಷಗಳ ಹಿಂದೆ ಬೇರೊಂದು ಪ್ರೋಗ್ರಾಂ, ಬೇರೊಂದು ಖಾತೆ ಇಟ್ಟುಕೊಂಡು ಪ್ರಯತ್ನಿಸಿ ಕೈ ಸುಟ್ಟುಕೊಂಡಿದ್ದೆ. ಮೇಲ್ ತರಿಸಿಕೊಳ್ಳುವ ಎರಡು ವಿಧಾನಗಳಲ್ಲಿ ಪಾಪ್ ಬೇಕೋ ಐಮ್ಯಾಪ್ ಬೇಕೋ ಎಂದು ಅದು ಕೇಳಿತು. ಮೊದಲು ಕಂಡದ್ದು ಪಾಪ್, ಅದನ್ನೇ ಒತ್ತಿದೆ. ಮೇಲ್‌ಗಳೆಲ್ಲ ಸರಸರನೆ ಇಳಿದು ಬಂದವು, ಖುಷಿಯಾಯಿತು. ಮರುದಿನ ಫೋನ್ ತೆರೆದರೆ ಇನ್‌ಬಾಕ್ಸ್ ಖಾಲಿ! ಯಾರೋ ಖಾತೆಗೆ ನುಗ್ಗಿದ್ದಾರೆ ಎಂದು ಗಾಬರಿಬಿದ್ದು ಪಾಸ್‌ವರ್ಡ್ ಬದಲಿಸಿದೆ. ಅದರಿಂದ ಕಂಪ್ಯೂಟರ್‌ನಲ್ಲಿದ್ದ ಪ್ರೋಗ್ರಾಂ ಕೂಡ ನಿಂತಿತು. ಸಂಜೆಯ ಹೊತ್ತಿಗೆ ಗೊತ್ತಾಯಿತು, ನುಗ್ಗಿದವನು ನಾನೇ ಎಂದು. 'ಲೀವ್ ಮೆಸೇಜಸ್ ಆನ್ ಸರ್ವರ್' ಎಂಬ ಚೌಕಕ್ಕೆ ಟಿಕ್ ಹಾಕಿರಲಿಲ್ಲ. ಮೇಲ್‌ಗಳು ನನ್ನ ಡಿಸ್ಕ್‌ಗೆ ಬಂದು, ಸರ್ವರ್‌ನಿಂದ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರ್‌ನಿಂದ, ಅಳಿಸಿಹೋಗಿದ್ದವು.

ಪಾಪ್‌ನ ಸ್ವಭಾವವೇ ಅದು. ಬಾಗಿಲ ಬಳಿಯ ಅಂಚೆ ಪೆಟ್ಟಿಗೆಯಿಂದ ಕಾಗದ ತೆಗೆದುಕೊಂಡು ಒಳಗೆ ಹೋದ ಹಾಗೆ. ಸರ್ವರ್‌ನಲ್ಲಿ ಕೆಲವೇ ಎಂಬಿ ಜಾಗ ಸಿಗುತ್ತಿದ್ದ ಕಾಲಕ್ಕೆ ಅದು ಸರಿಯಾಗಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತೇವೆ ಎಂದಾಗ ಎಷ್ಟೋ ಜನ ಅದನ್ನು ಏಪ್ರಿಲ್ ಫೂಲ್ ಅಂದುಕೊಂಡಿದ್ದರಂತೆ. ಐಮ್ಯಾಪ್‌ನಲ್ಲಿ ಮೇಲ್ ಇರುವುದು ಸರ್ವರ್‌ನಲ್ಲಿ. ಫೋನ್, ಕಂಪ್ಯೂಟರ್, ಬ್ರೌಸರ್ ಎಲ್ಲವೂ ಅದೇ ಪೆಟ್ಟಿಗೆಯೊಳಗೆ ಇಣುಕುತ್ತವೆ. ಒಂದು ಕಡೆ ಓದಿದ್ದು ಇನ್ನೊಂದು ಕಡೆಯೂ ಓದಿದ ಹಾಗೆ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಕಡೆ ಮೇಲ್ ನೋಡುವವರು ಕಣ್ಣುಮುಚ್ಚಿ ಐಮ್ಯಾಪ್ ಆರಿಸಿಕೊಳ್ಳಬಹುದು. ಈ ಸಲ ನಾನೂ ಅದನ್ನೇ ಮಾಡಿದೆ.

ಹೆಸರು, ವಿಳಾಸ ತುಂಬಿದ ಕೂಡಲೇ ಥಂಡರ್‌ಬರ್ಡ್ ಉಳಿದದ್ದನ್ನು ತಾನೇ ಹುಡುಕಿಕೊಂಡಿತು. ಒಳಬರುವ ಮೇಲ್‌ಗೆ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ (ಸರ್ವರ್‌ನ ಬಾಗಿಲ ಸಂಖ್ಯೆ) 993. ಹೊರಹೋಗುವುದಕ್ಕೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465 ಅಥವಾ 587. 465 ಆದರೆ ಎಸ್‌ಎಸ್‌ಎಲ್, 587 ಆದರೆ ಸ್ಟಾರ್ಟ್‌ಟಿಎಲ್‌ಎಸ್ ಎಂದಿರಬೇಕು; ಎರಡೂ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ವಿಧಾನಗಳು. ಇವೆರಡನ್ನು ಅದಲುಬದಲು ಮಾಡಿದರೆ ಪ್ರೋಗ್ರಾಂ ಸುಮ್ಮನೆ ತಿರುಗುತ್ತಾ ಕೂರುತ್ತದೆ. ಹಳೆಯ ಬರಹಗಳಲ್ಲಿ ಪೋರ್ಟ್ 25 ಎಂದಿದ್ದರೆ ಅದರ ಗೊಡವೆಗೆ ಹೋಗಬೇಡಿ. ಸ್ಪ್ಯಾಮ್ ಕಾಟಕ್ಕೆ ಎಷ್ಟೋ ನೆಟ್ ಸೇವೆಗಳು ಅದನ್ನು ಮುಚ್ಚಿಬಿಟ್ಟಿವೆ. ಯೂಸರ್‌ನೇಮ್ ಎಂದು ಕೇಳಿದ ಕಡೆ ಪೂರ್ತಿ ವಿಳಾಸ ಹಾಕಬೇಕು.

ನಾನು ನಿಜವಾಗಿ ಸಿಕ್ಕಿಬಿದ್ದದ್ದು ಪಾಸ್‌ವರ್ಡ್‌ನಲ್ಲಿ. ಸರಿಯಾಗಿಯೇ ಹೊಡೆದರೂ ತಪ್ಪು ಎನ್ನುತ್ತಿತ್ತು. ಕ್ಯಾಪ್ಸ್ ಲಾಕ್ ನೋಡಿದೆ, ನೋಟ್‌ಪ್ಯಾಡ್‌ನಲ್ಲಿ ಬರೆದು ಅಲ್ಲಿಂದ ಅಂಟಿಸಿದೆ. ಅದೇ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ನಡೆಯುತ್ತದೆ, ಇಲ್ಲಿ ಇಲ್ಲ! ಕೊನೆಗೆ ತಿಳಿದದ್ದು ಇಷ್ಟು: 2022ರ ಮೇ 30ರಿಂದ ಜಿಮೇಲ್ ಹೊರಗಿನ ಪ್ರೋಗ್ರಾಂಗಳಿಂದ ಮಾಮೂಲಿ ಪಾಸ್‌ವರ್ಡ್ ಸ್ವೀಕರಿಸುವುದನ್ನು ಬಿಟ್ಟಿದೆ. ನಾನು 'ಅಥೆಂಟಿಕೇಶನ್ ಮೆಥಡ್' ಎಂಬ ಜಾಗದಲ್ಲಿ ಜಾಣತನ ತೋರಿಸಲು ಹೋಗಿ, ಥಂಡರ್‌ಬರ್ಡ್ ಆರಿಸಿದ್ದ ಓಆತ್2 ಎಂಬ ಲಾಗಿನ್ ವಿಧಾನ ತೆಗೆದು 'ನಾರ್ಮಲ್ ಪಾಸ್‌ವರ್ಡ್' ಮಾಡಿದ್ದೆ. ಓಆತ್2ನಲ್ಲಿ ಬೇರೆ ಕಿಟಕಿಯೊಂದು ತೆರೆಯುತ್ತದೆ. ಅಲ್ಲಿ ಗೂಗಲ್‌ಗೇ ನೇರವಾಗಿ ಲಾಗಿನ್ ಆಗಿ ಅನುಮತಿ ಕೊಡಬೇಕು. ಪ್ರೋಗ್ರಾಂಗೆ ಸಿಗುವುದು ಒಂದು ಟೋಕನ್ (ಅನುಮತಿ ಚೀಟಿ) ಅಷ್ಟೇ, ನಿಮ್ಮ ಪಾಸ್‌ವರ್ಡ್ ಅದರ ಕೈಗೆ ಹೋಗುವುದಿಲ್ಲ. ಔಟ್‌ಲುಕ್‌ನ ವೈಯಕ್ತಿಕ ಖಾತೆಗಳಿಗೂ 2024ರ ಸೆಪ್ಟೆಂಬರ್ 16ರಿಂದ ಇದೇ ದಾರಿ.

ಮತ್ತೆ ಓಆತ್2ಗೆ ತಂದರೂ ಆ ಕಿಟಕಿ ಮುಂದೆ ಹೋಗಲಿಲ್ಲ. ಅದಕ್ಕೂ ನಾನೇ ಕಾರಣ. ಸುರಕ್ಷತೆ ಇರಲಿ ಎಂದು ಥಂಡರ್‌ಬರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಕುಕೀ (ವೆಬ್ ಪುಟಗಳು ನಮ್ಮ ಕಂಪ್ಯೂಟರ್‌ನಲ್ಲಿಡುವ ಗುರುತಿನ ಚೂರು) ಬೇಡ ಅಂದಿದ್ದೆ. ಲಾಗಿನ್ ಪುಟಕ್ಕೆ ಕುಕೀ ಬೇಕೇ ಬೇಕು. ಕುಕೀಗೆ ಅನುಮತಿ ಕೊಟ್ಟ ಮೇಲೆ ಒಂದೇ ಏಟಿಗೆ ಆಯಿತು.

ಮೇಲ್ ಬಂತು, ಸರಿ. ಒಂದು ಉತ್ತರ ಬರೆದು ಕಳಿಸಿದೆ, ಮತ್ತೆ ಅದೇ ಪಾಸ್‌ವರ್ಡ್ ತಗಾದೆ! ಒಳಬರುವ ಮೇಲ್‌ನ ಸರ್ವರ್ ಬೇರೆ, ಹೊರಹೋಗುವುದರದ್ದು ಬೇರೆ. ನಾನು ಒಂದನ್ನು ಸರಿಮಾಡಿ ಇನ್ನೊಂದನ್ನು ಮರೆತಿದ್ದೆ. ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ 'ಔಟ್‌ಗೋಯಿಂಗ್ ಸರ್ವರ್' ಎಂದು ಒಂದು ಸಾಲು ಅಡಗಿ ಕೂತಿರುತ್ತದೆ. ಓದಲು ಆಗುತ್ತದೆ, ಕಳಿಸಲು ಆಗುವುದಿಲ್ಲ ಎನ್ನುವವರಿಗೆ ನಾನು ಈಗ ಮೊದಲು ತೋರಿಸುವುದು ಅದನ್ನೇ.

ಓಆತ್2 ತಿಳಿಯದ ಹಳೆಯ ಪ್ರೋಗ್ರಾಂ ಇದ್ದವರಿಗೆ ಆ್ಯಪ್ ಪಾಸ್‌ವರ್ಡ್ ಇದೆ. ಖಾತೆಯಲ್ಲಿ ಎರಡು ಹಂತದ ದೃಢೀಕರಣ ಹಾಕಿಕೊಂಡ ಮೇಲೆ 16 ಅಕ್ಷರಗಳದ್ದೊಂದನ್ನು ಗೂಗಲ್ ಮಾಡಿಕೊಡುತ್ತದೆ. ಖಾತೆಯ ಪಾಸ್‌ವರ್ಡ್ ಬದಲಿಸಿದ ದಿನ ಅದೂ ರದ್ದಾಗುತ್ತದೆ, ನೆನಪಿರಲಿ.

ಮೊದಲ ವಾರ ಫೋಲ್ಡರ್‌ಗಳದ್ದೇ ಗೊಂದಲ. ಜಿಮೇಲ್‌ನಲ್ಲಿ ಫೋಲ್ಡರ್ ಇಲ್ಲ, ಇರುವುದು ಲೇಬಲ್. ಎರಡು ಲೇಬಲ್ ಅಂಟಿಸಿದ ಮೇಲ್ ಥಂಡರ್‌ಬರ್ಡ್‌ನಲ್ಲಿ ಎರಡು ಫೋಲ್ಡರ್‌ನಲ್ಲಿ ಕಾಣುತ್ತದೆ, ಸಾಲದ್ದಕ್ಕೆ 'ಆಲ್ ಮೇಲ್'ನಲ್ಲಿ ಇನ್ನೊಮ್ಮೆ. ಬ್ರೌಸರ್‌ನಲ್ಲಿ ಜಿಮೇಲ್ ತೆರೆದು, ಲೇಬಲ್ ಸೆಟ್ಟಿಂಗ್ಸ್‌ನಲ್ಲಿ ಆಲ್ ಮೇಲ್ ಎದುರಿನ 'ಶೋ ಇನ್ ಐಮ್ಯಾಪ್' ಟಿಕ್ ತೆಗೆದುಹಾಕಿದೆ. ಪಟ್ಟಿ ಹಗುರಾಯಿತು. ಕಳಿಸಿದ ಮೇಲ್‌ನ ಪ್ರತಿಯನ್ನು ಜಿಮೇಲ್ ತಾನೇ ಇಟ್ಟುಕೊಳ್ಳುವುದರಿಂದ, ಪ್ರತಿ ಉಳಿಸುವ ಥಂಡರ್‌ಬರ್ಡ್‌ನ ಆಯ್ಕೆಯನ್ನೂ ತೆಗೆದೆ.

ಐಮ್ಯಾಪ್‌ನಲ್ಲೂ ಥಂಡರ್‌ಬರ್ಡ್ ಮೇಲ್‌ಗಳ ಪ್ರತಿಯೊಂದನ್ನು ಡಿಸ್ಕ್‌ಗೆ ಇಳಿಸಿಕೊಳ್ಳುತ್ತದೆ. ಡಿಸ್ಕ್ ಜಾಗ ಕಡಿಮೆ ಇದ್ದವರು ಇತ್ತೀಚಿನ ಇಷ್ಟು ದಿನಗಳದ್ದನ್ನು ಮಾತ್ರ ಇಳಿಸಿಕೋ ಎಂದು ಹೇಳಬಹುದು. ನಾನು 180 ದಿನ ಇಟ್ಟಿದ್ದೇನೆ. ಅಳಿಸಿದ ಮೇಲ್‌ಗಳ ಜಾಗ ಕೂಡಲೇ ತೆರವಾಗುವುದಿಲ್ಲ, 'ಕಾಂಪ್ಯಾಕ್ಟ್' ಒತ್ತಿದ ಮೇಲೆಯೇ.

ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಇದೆ, ಇನ್ನು ಬ್ಯಾಕಪ್ ಚಿಂತೆ ಇಲ್ಲ ಎಂದು ಗೆಳೆಯನೊಬ್ಬ ಹೇಳಿದ. ಐಮ್ಯಾಪ್‌ನಲ್ಲಿ ಅದು ನಡೆಯುವುದಿಲ್ಲ. ಫೋನ್‌ನಲ್ಲಿ ಕೈತಪ್ಪಿ ಅಳಿಸಿದರೆ, ಕಂಪ್ಯೂಟರ್ ಕೂಡ ವಿಧೇಯವಾಗಿ ಅಳಿಸುತ್ತದೆ. ಹಾಗಾಗಿ ಬೇಕೇ ಬೇಕಾದ ಮೇಲ್‌ಗಳನ್ನು 'ಲೋಕಲ್ ಫೋಲ್ಡರ್ಸ್' ಒಳಗೆ ನಕಲು ಮಾಡಿ ಹಾಕುತ್ತೇನೆ. ಅದು ಸರ್ವರ್‌ನ ಸಹವಾಸವಿಲ್ಲದ, ಬರೀ ನನ್ನ ಡಿಸ್ಕ್‌ನ ಜಾಗ. ತಿಂಗಳಿಗೊಮ್ಮೆ ಥಂಡರ್‌ಬರ್ಡ್ ಮುಚ್ಚಿ, ಮೇಲ್, ಸೆಟ್ಟಿಂಗ್ಸ್ ಎಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರ್ ಅನ್ನು ಇಡಿಯಾಗಿ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡುತ್ತೇನೆ. ಎರಡನೆಯ ಖಾತೆಯನ್ನೂ ಹೀಗೇ ಜೋಡಿಸಿದ್ದಾಯಿತು, ಹತ್ತೇ ನಿಮಿಷದಲ್ಲಿ. ಮೂರನೆಯದನ್ನು ಬ್ರೌಸರ್‌ನಲ್ಲೇ ಬಿಟ್ಟಿದ್ದೇನೆ, ಅದಕ್ಕೆ ಬರುವುದೆಲ್ಲ ಜಾಹೀರಾತು.