ಮಗುವಿನ ಹೆಸರಿನ ಕಾಗುಣಿತ: ಅರ್ಜಿ ತುಂಬುವ ಮೊದಲು ನಿರ್ಧರಿಸುವುದು ಹೇಗೆ?

ಹೆಸರು ಆರಿಸಲು ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಅದನ್ನು ಬರೆಯುವ ಬಗೆಯನ್ನು ಮಾತ್ರ ಅರ್ಜಿ ತುಂಬುವವರಿಗೆ ಬಿಟ್ಟುಬಿಡುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ದಾಖಲಾತಿಯಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ, ಅದರಲ್ಲಿ ಅಚ್ಚಾದ ಕಾಗುಣಿತವೇ ಮುಂದಿನ ದಾಖಲೆಗಳಿಗೆಲ್ಲ ಹೋಗುತ್ತದೆ.

ಅವಸರ ಬೇಕಿಲ್ಲ. ಜನನವನ್ನು 21 ದಿನಗಳೊಳಗೆ ತಿಳಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಣಿಯಾಗುತ್ತದೆ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಮೊದಲು ಕನ್ನಡದ ರೂಪವನ್ನು ಗಟ್ಟಿಮಾಡಿಕೊಳ್ಳಿ. ಆದ್ಯಾ ಎಂಬ ಹೆಸರನ್ನು ಅನೇಕರು ಆಧ್ಯಾ ಎಂದು ಬರೆಯುತ್ತಾರೆ; 'ಮೊದಲನೆಯವಳು' ಎಂಬ ಅರ್ಥ ಬೇಕಿದ್ದರೆ ಅಲ್ಪಪ್ರಾಣವೇ ಸರಿ. ಪಂಚಾಂಗ ನೋಡಿ ಶತಭಿಷಾ ನಕ್ಷತ್ರಕ್ಕೆ 'ಸ' ಅಕ್ಷರ ಆರಿಸಿಕೊಂಡವರು ಸಾನ್ವಿ ಎಂದು ಬರೆಯಬೇಕೇ ಹೊರತು ಶಾನ್ವಿ ಎಂದಲ್ಲ. ಸುಹಾಸ ಅಥವಾ ಸುಹಾಸ್ ಎಂಬಲ್ಲಿ ಎರಡೂ ಸರಿಯೇ. ಆದರೂ ಸುಹಾಸನಿಗೆ, ಸುಹಾಸನ ಎಂದು ವಿಭಕ್ತಿ ಸಲೀಸಾಗಿ ಹತ್ತುವ ಸ್ವರಾಂತ ರೂಪವೇ ನನಗೆ ಮೆಚ್ಚುಗೆ.

ತೊಡಕು ಹೆಚ್ಚಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಹೊಯ್ಸಳರ ರಾಣಿಯ ನೆನಪಿಗೆ ನಮ್ಮ ಹಾಸನ, ಬೇಲೂರಿನ ಕಡೆಯವರು ಶಾಂತಲಾ ಎಂದು ಹೆಸರಿಡುವುದುಂಟು. 'ತ'ಗೆ ಬರೀ ಟಿ ಹಾಕಿದರೆ ನಮ್ಮಲ್ಲಿ ಅದನ್ನು 'ಟ' ಎಂದು ಓದಬಹುದು. ಟಿ ಮತ್ತು ಎಚ್ ಎರಡನ್ನೂ ಹಾಕಿದರೆ ಉತ್ತರ ಭಾರತದವರು 'ಥ' ಎನ್ನಬಹುದು. ಎಲ್ಲರಿಗೂ ಹೊಂದುವ ಬರಹವಿಲ್ಲದ ಕಾರಣ, ಮಗು ಬೆಳೆಯುವ ಊರಿನ ರೂಢಿಯನ್ನೇ ಹಿಡಿಯುವುದು ಲೇಸು. ಸಂಖ್ಯಾಶಾಸ್ತ್ರದ ನಂಬಿಕೆಯಿಂದ ಅಕ್ಷರ ಸೇರಿಸುವವರು, ಹಾಗೆ ಬರೆದದ್ದನ್ನು ಹೆಸರು ಗೊತ್ತಿಲ್ಲದ ಒಬ್ಬರಿಂದ ಓದಿಸಿ ನೋಡಲಿ. ಉಚ್ಚಾರ ಕೆಟ್ಟರೆ ಆ ಅಕ್ಷರವನ್ನು ಕೈಬಿಡುವುದೇ ಮಗುವಿಗೆ ಒಳಿತು.

ಇದರ ತಿರುಗುಮುರುಗು ಪರೀಕ್ಷೆಯೂ ಬೇಕು. ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಗೋ ಶಾಲೆಯ ಮೇಷ್ಟ್ರಿಗೋ ಫೋನಿನಲ್ಲಿ ಹೆಸರು ಹೇಳಿ, ಎರಡೂ ಭಾಷೆಗಳಲ್ಲಿ ಬರೆದು ಕಳುಹಿಸಲು ಕೇಳಿ. ನಾಲ್ಕಾರು ಮಂದಿ ಬರೆದ ರೂಪ ನಿಮ್ಮದಕ್ಕಿಂತ ಬೇರೆಯಿದ್ದರೆ, ಮಗು ಮುಂದೆ ಪ್ರತಿ ಕಚೇರಿಯಲ್ಲೂ ಹೆಸರನ್ನು ಬಿಡಿಸಿ ಹೇಳಬೇಕಾಗುತ್ತದೆ ಎಂದು ತಿಳಿಯಬಹುದು.

ಇನಿಷಿಯಲ್ ವಿಚಾರವನ್ನು ಮರೆಯುವವರೇ ಹೆಚ್ಚು. ಹರದನಹಳ್ಳಿಯ ದೇವೇಗೌಡರ ಎಚ್.ಡಿ. ಊರನ್ನೂ ತಂದೆಯ ಹೆಸರನ್ನೂ ಸೂಚಿಸುವಂತೆ ನಮ್ಮಲ್ಲಿ ಹಲವರಿಗೆ ಊರಿನ ಅಕ್ಷರವಿರುತ್ತದೆ. ಅದನ್ನು ಕನ್ನಡದಲ್ಲಿ ಕೆಲವರು ಎಚ್ ಎಂದೂ ಕೆಲವರು ಹೆಚ್ ಎಂದೂ ಬರೆಯುತ್ತಾರೆ, ಒಂದನ್ನು ಆರಿಸಿಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗುವುದರಿಂದ, ಅದರ ಪೂರ್ಣರೂಪದ ಕಾಗುಣಿತವೂ ಈಗಲೇ ತೀರ್ಮಾನವಾಗಲಿ.

ತೀರ್ಮಾನಿಸಿದ್ದನ್ನು ದೊಡ್ಡ ಅಕ್ಷರಗಳಲ್ಲಿ ಒಂದು ಹಾಳೆಯ ಮೇಲೆ ಎರಡೂ ಭಾಷೆಗಳಲ್ಲಿ ಬರೆದುಕೊಂಡು ನೋಂದಣಿ ಕಚೇರಿಗೆ ಹೋಗಿ. ಬಾಯಲ್ಲಿ ಹೇಳಿ ಬರೆಸಬೇಡಿ. ಪ್ರಮಾಣಪತ್ರ ಕೈಗೆ ಬಂದೊಡನೆ ಒತ್ತಕ್ಷರ, ದೀರ್ಘ, ತಂದೆತಾಯಿಯ ಹೆಸರು ಎಲ್ಲವನ್ನೂ ಆ ಹಾಳೆಯೊಂದಿಗೆ ತಾಳೆ ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದುಪಡಿಗೆ ಅರ್ಜಿ ಕೊಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶವಿರುವುದರಿಂದ, ಪ್ರಮಾಣಪತ್ರ ಸರಿಯಾದ ಮೇಲಷ್ಟೇ ಮಗುವಿನ ಆಧಾರ್ ಮಾಡಿಸಿ.